ಬಾಲ ಹಿಡಿದು ಓದುವ ಪದಗಳು

ಕಳೆದ ವಾರ ನಮ್ಮ ಕಟ್ಟಡದ ಕಸದ ಕೋಣೆಯ ಬಾಗಿಲಿಗೆ ಹೊಸ ಹಾಳೆ ಅಂಟಿಸಿದ್ದರು. ತಲೆಬರಹ ಡೇನಿಶ್ ಭಾಷೆಯ ಒಂದೇ ಪದ: ಅವ್‌ಫಾಲ್ಸ್‌ಸೋರ್ಟೇರಿಂಗ್ಸ್‌ವೈಲೇಡ್ನಿಂಗ್. ಮಧ್ಯೆ ಎಲ್ಲೂ ಜಾಗ ಬಿಟ್ಟಿಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್‌ಗೆ ಬಂದು ಇಷ್ಟು ವರ್ಷವಾದರೂ ಇಂಥದ್ದು ಕಂಡರೆ ನನಗೆ ಉಸಿರು ಕಟ್ಟುತ್ತದೆ. ಪಕ್ಕದಲ್ಲಿದ್ದ ಎರಡನೇ ಕ್ಲಾಸಿನ ಮಗಳು ನಕ್ಕಳು. "ಅಮ್ಮಾ, ಮುಂದಿಂದ ಯಾಕೆ ಓದ್ತೀಯಾ? ಬಾಲ ಹಿಡ್ಕೋ."

ಬಾಲ ಅಂದರೆ ವೈಲೇಡ್ನಿಂಗ್, ದಾರಿ ತೋರಿಸುವುದು. ಯಾತಕ್ಕೆ? ಸೋರ್ಟೇರಿಂಗ್, ಅಂದರೆ ಬೇರೆ ಬೇರೆ ಮಾಡುವುದಕ್ಕೆ. ಏನನ್ನು? ಅವ್‌ಫಾಲ್, ಕಸವನ್ನು. ಮುಗೀತು. ಉದ್ದ ಪದಕ್ಕೆ ಇಲ್ಲಿನವರು ಕೊಡುವ ಒಂದು ಉದಾಹರಣೆಯಲ್ಲಿ 51 ಅಕ್ಷರಗಳಿವೆ. ತಜ್ಞವೈದ್ಯರು, ಯೋಜನೆ, ಸ್ಥಿರತೆ ಎಲ್ಲಾ ಸೇರಿಸಿಕೊಂಡು ಬರುವ ಅದರ ಬಾಲ ಬರೀ 'ಪೆರಿಯೋಡೆ'. ಅಷ್ಟೆಲ್ಲಾ ಆರ್ಭಟ ಮಾಡಿ ಕೊನೆಗೆ ಒಂದು ಅವಧಿ!

ನಡುವೆ ಬರುವ ಆ 'ಸ್' ಇದೆಯಲ್ಲ, ಅದು ಹೊಲಿಗೆ. ವೈನ್ ಗ್ಲಾಸಿಗೆ ಇವರು 'ವೀನ್‌ಗ್ಲಾಸ್' ಅಂತಾರೆ, ಹೊಲಿಗೆ ಬೇಡ. ಕೆಂಪು ವೈನಿನ ಗ್ಲಾಸ್ ಆದರೆ 'ರೋಡ್‌ವೀನ್ಸ್‌ಗ್ಲಾಸ್'. ಕೆಂಪಗಿರುವುದು ವೈನ್, ಗ್ಲಾಸ್ ಅಲ್ಲ ಅಂತ ಆ ಒಂದು 'ಸ್' ಹೇಳಿಬಿಡುತ್ತದೆ. ಸಾಲಿನ ಕೊನೆಯಲ್ಲಿ ಪದ ಮುರಿಯಬೇಕಾದರೂ 'ಸ್' ಎಡಗಡೆಯವರ ಪಾಲಿಗೇ ಉಳಿಯಬೇಕು.

"ಕನ್ನಡದಲ್ಲಿ ಹೊಲಿಗೆ ಎಲ್ಲಿ ಕಾಣುತ್ತೆ?" ಅಂತ ಕೇಳಿದಳು ಮಗಳು. ಮಳೆ, ಕಾಲ ಸೇರಿ ಮಳೆಗಾಲ ಆಗುತ್ತೆ, 'ಕ' ಹೋಗಿ 'ಗ' ಬರುತ್ತೆ ಅಂದೆ. ಖುಷಿಯಾದಳು. ಆಮೇಲೆ ಸುಮ್ನೆ ಪರೀಕ್ಷೆ ಮಾಡೋಣ ಅಂತ ಚೀಟಿಯಲ್ಲಿ 'ಭೂಸ್ವಾಧೀನಾಧಿಕಾರಿ' ಅಂತ ಬರೆದುಕೊಟ್ಟೆ. ಭೂ, ಸ್ವಾ, ಧೀ, ನಾ... ಒಂದೊಂದೇ ಅಕ್ಷರ ಸರಿಯಾಗಿ ಓದಿದಳು. ಎಲ್ಲಿ ಮುರಿಯಬೇಕು ಅಂತ ಮಾತ್ರ ಗೊತ್ತಾಗಲಿಲ್ಲ. ಹೇಗೆ ಗೊತ್ತಾಗಬೇಕು? ಸ್ವಾಧೀನ ಮುಗಿಯುವುದೂ ಅಧಿಕಾರಿ ಶುರುವಾಗುವುದೂ ಆ 'ನಾ' ಒಳಗೇ. ಅಕ್ಷರ ಬಿಡಿಸಿದರೂ ಪದ ಬಿಡಿಸಿಕೊಳ್ಳುವುದಿಲ್ಲ.

ಈ ಪದ ನನಗೆ ಸುಮ್ಮನೆ ನೆನಪಾಗಿದ್ದಲ್ಲ. ಊರಲ್ಲಿ ಕಾಲುವೆಗೆ ಗದ್ದೆ ಹೋಗುವಾಗ ಅಜ್ಜನಿಗೆ ಬಂದ ನೋಟಿಸಿನಲ್ಲಿ ಇದಿತ್ತು. ಅಜ್ಜನಿಗೆ ಓದು ಚೆನ್ನಾಗಿಯೇ ಬರುತ್ತಿತ್ತು. ಜಗಲಿಯಲ್ಲಿ ಕೂತು ಜೋರಾಗಿ, ಒಂದು ಅಕ್ಷರ ತಪ್ಪದೆ ಓದಿದರು. ಓದಿ, ಮಡಚಿ, ಪಂಚಾಂಗದ ಒಳಗಿಟ್ಟರು. ತಕರಾರು ಸಲ್ಲಿಸಲು 30 ದಿನ ಅಂತ ಅದರಲ್ಲೇ ಇತ್ತು. ಮೇಷ್ಟ್ರು ರಜೆ ಮುಗಿಸಿ ಬಂದು ಪದ ಬಿಡಿಸಿ ಹೇಳುವಷ್ಟರಲ್ಲಿ ಅದರಲ್ಲಿ ಅರ್ಧದಷ್ಟು ದಿನಗಳು ಕಳೆದಿದ್ದವು.

ಅವತ್ತು ಅಜ್ಜ ನೋಟಿಸನ್ನು ತಿರುಗಿಸಿ ತಿರುಗಿಸಿ ನೋಡಿ ಹೇಳಿದ್ದಿಷ್ಟು: "ಗದ್ದೆ ತಗೊಳ್ಳೋ ಸಾಹೇಬ ಅಂತ ಬರೆಯೋಕೆ ಇವರಿಗೇನು ಧಾಡಿ?"