ಕೊಗನೊಳ್ಳಿ ಟೋಲ್ ದಾಟಿದರೆ ನನ್ನ ಪರ್ಮಿಟ್ ನಡೆಯಲ್ಲ

ನನ್ನ ಊರು ಕರ್ನಾಟಕದ ನಿಪ್ಪಾಣಿ, ಮಹಾರಾಷ್ಟ್ರದ ಗಡಿ ಹತ್ತಿರ, ಕೊಗನೊಳ್ಳಿ ಟೋಲ್‌ನ ಈಚೆ. ಐಟಿಐ ಮುಗಿಸಿದ ಮೇಲೆ ಒಂಬತ್ತು ವರ್ಷ ಕೆಲಸ ಮಾಡಿದ್ದೆಲ್ಲ ಗಡಿಯಾಚೆ ಕಾಗಲ್, ಕೊಲ್ಲಾಪುರದ ಕಡೆ. ಮಹಾರಾಷ್ಟ್ರದ ವೈರ್‌ಮನ್ ಪರ್ಮಿಟ್ ಇತ್ತು. ಅಪ್ಪನಿಗೆ ಹುಷಾರು ತಪ್ಪಿದಾಗ ಊರಿಗೆ ವಾಪಸ್ ಬಂದೆ. ಬಂದ ವಾರದಲ್ಲೇ ನಮ್ಮ ಓಣಿಯ ಕಾಕಾ ಒಬ್ಬರು ಹೊಸ ಮನೆ ವೈರಿಂಗ್ ನೀನೇ ಮಾಡು ಅಂದರು.

ಹೆಸ್ಕಾಂನವರು ಹೊಸ ಮೀಟರ್ ಕೊಡಬೇಕಾದರೆ ವೈರಿಂಗ್ ಸರಿಯಾಗಿ ಮುಗಿದಿದೆ ಅಂತ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಸಹಿ ಹಾಕಿದ ಕಂಪ್ಲೀಷನ್ ರಿಪೋರ್ಟ್ ಬೇಕು. ಅದಕ್ಕೇ ಪರಿಚಯದ ಕಾಂಟ್ರಾಕ್ಟರ್ ಹತ್ತಿರ ಹೋಗಿ, ನಿಮ್ಮ ಕೈಕೆಳಗೆ ಈ ಕೆಲಸ ಮಾಡ್ತೀನಿ ಅಂತ ಪರ್ಮಿಟ್ ತೋರಿಸಿದೆ. ಅವರು ತಿರುಗಿಸಿ ನೋಡಿ, "ತಮ್ಮಾ, ಇದು ಇಲ್ಲಿ ನಡೆಯಂಗಿಲ್ಲ" ಅಂದರು.

ನಿಜ ಹೇಳ್ತೀನಿ, ಸಿಟ್ಟು ಬಂತು. ಕಾಗಲ್‌ಗೂ ನಮ್ಮೂರಿಗೂ ಅರ್ಧ ಗಂಟೆ ದಾರಿ. ಅಲ್ಲೂ 230 ವೋಲ್ಟ್, ಇಲ್ಲೂ 230 ವೋಲ್ಟ್. ಡ್ರೈವಿಂಗ್ ಲೈಸೆನ್ಸ್ ಇಡೀ ದೇಶದಲ್ಲಿ ನಡೆಯುತ್ತೆ, ಇದಕ್ಕೇನು ಅಡ್ಡಿ?

ಆಮೇಲೆ ಕೇಳಿ, ಓದಿ ತಿಳಿದುಕೊಂಡೆ. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೇ ನಿಯಮದಲ್ಲೇ ಇದರ ಬೇರು ಇದೆ. ಕಾಂಟ್ರಾಕ್ಟರ್‌ಗೆ ಲೈಸೆನ್ಸ್ ಕೊಡೋದು ರಾಜ್ಯ ಸರ್ಕಾರ. ವೈರಿಂಗ್ ಮಾಡುವವನ ಪರ್ಮಿಟ್ಟೂ ರಾಜ್ಯ ಸರ್ಕಾರ ಕೊಟ್ಟಿದ್ದಾಗಿರಬೇಕು, ಇಲ್ಲವೇ ಅದು ಮಾನ್ಯ ಮಾಡಿದ್ದಾಗಿರಬೇಕು. 2010ರ ಸುರಕ್ಷತಾ ನಿಯಮಗಳಲ್ಲೂ ಅದೇ ಮಾತು ಮುಂದುವರಿಯಿತು. ಆ "ಮಾನ್ಯ ಮಾಡಿದ" ಅನ್ನುವ ಪದದ ಮೇಲೇ ನನ್ನಂಥವರ ಹೊಟ್ಟೆಪಾಡು ನಿಂತಿದೆ. ಬೇರೆ ರಾಜ್ಯದ ಪರ್ಮಿಟ್ ಒಪ್ಪಿಕೊಳ್ಳೋಕೆ ದಾರಿ ಇದೆ, ಆದರೆ ತಾನಾಗೇ ಯಾವುದೂ ನಡೆಯಲ್ಲ, ನಾವೇ ಹೋಗಿ ಕೇಳಬೇಕು, ತೋರಿಸಬೇಕು.

ಕರ್ನಾಟಕದ ಪರ್ಮಿಟ್‌ಗೆ ಅರ್ಜಿ ಹಾಕಿದೆ. ಐಟಿಐಯಲ್ಲಿ ಸಿಕ್ಕ ಎನ್‌ಸಿವಿಟಿ (ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿ) ಸರ್ಟಿಫಿಕೇಟ್ ದೇಶದ ಎಲ್ಲ ಕಡೆ ನಡೆಯುತ್ತೆ, ಅದರ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ. ತೊಂದರೆ ಆಗಿದ್ದು ಹೆಸರಿನಿಂದ. ನನ್ನ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್‌ಕಾರ್ಡ್‌ನಲ್ಲಿ ಹೆಸರಿನ ಜೊತೆ ಬರೀ ಒಂದು ಇನಿಷಿಯಲ್ ಇದೆ. ಮಹಾರಾಷ್ಟ್ರದಲ್ಲಿ ಅವರ ಪದ್ಧತಿಯಂತೆ ಅಡ್ಡಹೆಸರು ಮೊದಲು, ಆಮೇಲೆ ನನ್ನ ಹೆಸರು, ಕೊನೆಗೆ ಅಪ್ಪನ ಹೆಸರು ಬರೆದಿದ್ದರು. ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿದರೆ ಇಬ್ಬರು ಬೇರೆ ಬೇರೆ ಮನುಷ್ಯರು ಅನ್ನಿಸುತ್ತೆ. ಸ್ಟ್ಯಾಂಪ್ ಪೇಪರ್ ಮೇಲೆ ಅಫಿಡವಿಟ್ ಮಾಡಿಸಿ, ನೋಟರಿ ಸಹಿ ಹಾಕಿಸಿ, ಇವರಿಬ್ಬರೂ ನಾನೇ ಅಂತ ಹೇಳಿಕೊಳ್ಳಬೇಕಾಯಿತು.

ಅನುಭವ ಪತ್ರದ್ದು ಇನ್ನೊಂದು ಕಥೆ. ಹಳೆಯ ಕಾಂಟ್ರಾಕ್ಟರ್ ಮರಾಠಿಯಲ್ಲಿ ಎರಡೇ ಸಾಲು ಬರೆದುಕೊಟ್ಟಿದ್ದರು, ಇಷ್ಟು ವರ್ಷ ನಮ್ಮಲ್ಲಿದ್ದ ಅಂತ. ಏನು ಕೆಲಸ ಮಾಡಿದೆ, ಸಿಂಗಲ್ ಫೇಸಾ, ತ್ರೀ ಫೇಸಾ, ಪ್ಯಾನೆಲ್ ಕೂರಿಸಿದ್ದೀಯಾ, ಮೋಟಾರ್ ಸ್ಟಾರ್ಟರ್ ಕನೆಕ್ಷನ್ ಕೊಟ್ಟಿದ್ದೀಯಾ, ಯಾವುದೂ ಅದರಲ್ಲಿ ಇರಲಿಲ್ಲ. ಫೋನ್ ಮಾಡಿದರೆ ನಾಳೆ ಬಾ, ನಾಡಿದ್ದು ಬಾ ಅಂದರು. ಮೂರು ಸಲ ಬಸ್ ಹತ್ತಿ ಹೋದೆ. ಕೊನೆಗೆ ನಾನೇ ಟೈಪ್ ಮಾಡಿಸಿಕೊಂಡು ಹೋಗಿ ಎದುರಿಗೆ ಕೂತು ಲೆಟರ್‌ಹೆಡ್ ಮೇಲೆ ಪ್ರಿಂಟ್ ತೆಗೆಸಿ, ಸೀಲು ಒತ್ತಿಸಿಕೊಂಡು ಬಂದೆ. ಕೆಲಸ ಬಿಡುವ ದಿನವೇ ಇದನ್ನು ಮಾಡಿಸಿಕೊಂಡಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು. ಬೇರೆ ರಾಜ್ಯಕ್ಕೆ ದುಡಿಯಲು ಹೋಗಿರುವ ಹುಡುಗರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಮಾಲೀಕರ ಜೊತೆ ಸಂಬಂಧ ಚೆನ್ನಾಗಿರುವಾಗಲೇ ಬರೆಸಿಕೊಳ್ಳಿ. ತಾರೀಖು, ಕೆಲಸದ ವಿವರ, ಅವರ ಲೈಸೆನ್ಸ್ ನಂಬರ್, ಮೂರೂ ಇರಲಿ. ಪರ್ಮಿಟ್ ಅವಧಿ ಮುಗಿಯುವ ಮುಂಚೆಯೇ ಅಲ್ಲಿ ರಿನ್ಯೂವಲ್ ಮಾಡಿಸಿಯೇ ಹೊರಡಿ.

ಕರ್ನಾಟಕದ ಪರ್ಮಿಟ್ ಸಿಗೋವರೆಗೆ ಸುಮ್ನೆ ಕೂರಲಿಲ್ಲ. 250 ವೋಲ್ಟ್ ಒಳಗಿನ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಕೆಟ್ಟರೆ ಅದರ ಜಾಗಕ್ಕೆ ಅಂಥದ್ದೇ ಹಾಕೋಕೆ ಪರ್ಮಿಟ್ ಬೇಕಿಲ್ಲ, ನಿಯಮದಲ್ಲೇ ಆ ವಿನಾಯಿತಿ ಇದೆ. ಅದನ್ನೇ ಮಾಡಿ ಮನೆ ಖರ್ಚು ತೂಗಿಸಿದೆ. ಪರ್ಮಿಟ್ ಇಲ್ಲದೇ ಪೂರ್ತಿ ವೈರಿಂಗ್ ಮಾಡು, ಸಹಿ ಬೇರೆಯವರ ಹತ್ತಿರ ಹಾಕಿಸೋಣ ಅಂದವರೂ ಇದ್ದರು. ಒಪ್ಪಲಿಲ್ಲ. ನಾಳೆ ಆ ಮನೆಯಲ್ಲಿ ಮಗುವೊಂದು ಗೀಜರ್ ಮುಟ್ಟಿ ಶಾಕ್ ಹೊಡೆಸಿಕೊಂಡರೆ, ಕೆಲಸ ಮಾಡಿದವನು ಯಾರು ಅಂತ ಕಾಗದದಲ್ಲಿ ಇರಬೇಕಲ್ವಾ?

ಕಾಕಾ ಪಾಪ ಕಾದರು. ನಾಲ್ಕು ತಿಂಗಳ ಮೇಲೆ ಕರ್ನಾಟಕದ ಪರ್ಮಿಟ್ ಕೈಗೆ ಬಂದ ಮೇಲೆ ಅವರ ಮನೆಗೆ ಹೋದೆ. ಗೋಡೆಗೆ ಗಾರೆ ಆಗಿತ್ತು, ಪೈಪ್ ಎಳೆದಿದ್ದರು. ಅರ್ಥಿಂಗ್ ಗುಂಡಿ ನಾನೇ ನಿಂತು ತೋಡಿಸಿದೆ, ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿಸಿದೆ. ವೈರಿಂಗ್ ಮುಗಿದ ಮೇಲೆ ವೈರ್‌ನ ಇನ್ಸುಲೇಷನ್ ಪರೀಕ್ಷಿಸುವ 500 ವೋಲ್ಟ್ ಮೆಗ್ಗರ್ ಹಚ್ಚಿ ಒಂದೊಂದೇ ಸರ್ಕ್ಯೂಟ್ ನೋಡಿದೆ. ಅಡುಗೆಮನೆಯ ಸರ್ಕ್ಯೂಟ್‌ನಲ್ಲಿ ಮುಳ್ಳು ಸೊನ್ನೆಯ ಕಡೆ ಬಿತ್ತು, ಅಂದರೆ ಎಲ್ಲೋ ಇನ್ಸುಲೇಷನ್ ಹೋಗಿದೆ ಅಂತ. ಹುಡುಕಿದರೆ, ಸ್ವಿಚ್ ಬಾಕ್ಸ್ ಒಳಗೆ ಸ್ಕ್ರೂ ಕೆಳಗೆ ವೈರ್ ಸಿಕ್ಕಿ ಸಿಪ್ಪೆ ಹರಿದಿತ್ತು. ಆ ವೈರ್ ಬದಲಾಯಿಸಿ ಮತ್ತೆ ಮೆಗ್ಗರ್ ಹಚ್ಚಿ ನೋಡಿದ ಮೇಲೆಯೇ ರಿಪೋರ್ಟ್‌ನಲ್ಲಿ ನನ್ನ ಹೊಸ ನಂಬರ್ ಬರೆದೆ.

ಮಹಾರಾಷ್ಟ್ರದ್ದನ್ನು ಬಿಟ್ಟಿಲ್ಲ, ಕಾಗಲ್‌ನಿಂದ ಈಗಲೂ ಫೋನ್ ಬರುತ್ತೆ. ಎರಡರ ರಿನ್ಯೂವಲ್ ತಾರೀಖೂ ಬೇರೆ ಬೇರೆ. ಗೋಡೆ ಕ್ಯಾಲೆಂಡರ್‌ನಲ್ಲಿ ಎರಡಕ್ಕೂ ಕೆಂಪು ಪೆನ್ನಿನಿಂದ ಗುರುತು ಹಾಕಿದ್ದೀನಿ.