ಲೈಟ್ ಬಂತು ಅಂತ ಬ್ಯಾಟರಿ ಬಿಚ್ಚಬೇಡಿ

ಶಿವಮೊಗ್ಗದಲ್ಲಿ ನನ್ನದೊಂದು ಚಿಕ್ಕ ಗ್ಯಾರೇಜ್. ಗಿರಾಕಿಗಳಿಗೆ ಫೋನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೀತಿದ್ದೀನಿ. ಚೆಕ್ ಇಂಜಿನ್ ಲೈಟ್ ಹತ್ತಿದ ಕೂಡಲೇ ಯಾವುದೋ ವಿಡಿಯೋ ನೋಡಿ ಹತ್ತರ ಪಾನ ಹಿಡ್ಕೊಂಡು ಬ್ಯಾಟರಿ ಬಿಚ್ಚೋರು ದಿನೇ ದಿನೇ ಜಾಸ್ತಿ ಆಗ್ತಿದ್ದಾರೆ. "ಲೈಟ್ ಹೋಯ್ತು ಸಾರ್, ಸರಿಯಾಯ್ತು ಅಂದ್ಕೊಂಡೆ, ಮತ್ತೆ ಬಂತು" ಅಂತ ವಾರ ಬಿಟ್ಟು ಗಾಡಿ ನನ್ನ ಹತ್ರಾನೇ ಬರುತ್ತೆ.

ಲೈಟ್ ಹೋಗಿದ್ದು ನಿಜ, ಆದರೆ ತೊಂದರೆ ಇದ್ದಲ್ಲೇ ಇದೆ. ಎಷ್ಟೋ ತೊಂದರೆಗಳಲ್ಲಿ ಇಸಿಎಂ, ಅಂದ್ರೆ ಇಂಜಿನ್ ನಡೆಸೋ ಪುಟ್ಟ ಕಂಪ್ಯೂಟರು, ಒಂದೇ ಸಲಕ್ಕೆ ಲೈಟ್ ಹಾಕಲ್ಲ, ಎರಡನೇ ಓಡಾಟದಲ್ಲೂ ಅದೇ ಕಂಡರೆ ಮಾತ್ರ ಹಾಕುತ್ತೆ. ಬ್ಯಾಟರಿ ಬಿಚ್ಚಿದರೆ ಆ ಎಣಿಕೆ ಮೊದಲಿಂದ ಶುರು. ನಡುವಿನ ಆ ನಾಲ್ಕು ದಿನ ನಿಮಗೆ ಗಾಡಿ ರಿಪೇರಿ ಆದ ಹಾಗೆ ಕಾಣುತ್ತೆ, ಅಷ್ಟೇ.

ಇಸಿಎಂ ಒಳಗೆ ಎರಡು ಥರದ ಮೆಮೊರಿ ಇರುತ್ತೆ. ಕೀ ನಂಬರು, ಇಂಜಿನ್ ನಡೆಸೋ ಪ್ರೋಗ್ರಾಂ, ಇವೆಲ್ಲ ಕರೆಂಟ್ ಇಲ್ಲದೇ ಇದ್ರೂ ಉಳಿಯೋ ಜಾಗದಲ್ಲಿರುತ್ತೆ. ಹಾಗಾಗಿ ಬ್ಯಾಟರಿ ತೆಗೆದ್ರೆ ಕೀ ಕೆಲಸ ಮಾಡಲ್ಲ ಅನ್ನೋ ಹೆದರಿಕೆ ಬೇಡ. ಇನ್ನೊಂದು ಮೆಮೊರಿಗೆ ಗಾಡಿ ನಿಂತಿದ್ದಾಗಲೂ ಬ್ಯಾಟರಿಯಿಂದ ಚೂರು ಕರೆಂಟ್ ಹೋಗ್ತಾನೇ ಇರಬೇಕು. ಇಸಿಎಂ ತಾನೇ ಓಡಿಸಿ ಕಲಿತದ್ದು ಇರೋದು ಅದರಲ್ಲಿ. ಹೊಸ ಗಾಡಿಗಳಲ್ಲಿ ಇದನ್ನೂ ಕರೆಂಟ್ ಬೇಡದ ಜಾಗದಲ್ಲೇ ಇಡೋದು ಹೆಚ್ಚಾಗ್ತಿದೆ, ಅಂಥ ಗಾಡಿಗೆ ರಾತ್ರಿಯೆಲ್ಲ ಬ್ಯಾಟರಿ ಬಿಚ್ಚಿಟ್ಟರೂ ಏನೂ ಅಳಿಯಲ್ಲ.

ಏನು ಕಲಿತಿರುತ್ತೆ? ಪೆಟ್ರೋಲ್ ಇಂಜಿನ್‌ಗೆ ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಸೈಲೆನ್ಸರ್ ಪೈಪಲ್ಲಿರೋ ಆಕ್ಸಿಜನ್ ಸೆನ್ಸರ್ ನೋಡ್ಕೊಂಡು ಇಸಿಎಂ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ತೆರೆಯೋ ಹೊತ್ತನ್ನ ಹೆಚ್ಚು ಕಮ್ಮಿ ಮಾಡ್ತಿರುತ್ತೆ. ಹತ್ತು ವರ್ಷ ಹಳೇ ಗಾಡಿ, ಇಂಜೆಕ್ಟರ್ ಸ್ವಲ್ಪ ಕಟ್ಟಿದೆ ಅನ್ನಿ. ಪ್ರತೀ ಸಲ ಐದು ಪರ್ಸೆಂಟ್ ಜಾಸ್ತಿ ಪೆಟ್ರೋಲ್ ಬೇಕಾದರೆ ಅದನ್ನ ಫ್ಯೂಯಲ್ ಟ್ರಿಮ್ ಅಂತ ಬರೆದಿಟ್ಕೊಳ್ಳುತ್ತೆ. ಬ್ಯಾಟರಿ ಬಿಚ್ಚಿದರೆ ಸ್ಲೇಟು ಒರೆಸಿದ ಹಾಗೆ, ಮತ್ತೆ ಸೊನ್ನೆಯಿಂದ ಶುರು. ಸ್ವಲ್ಪ ದಿನ ಮೈಲೇಜು, ಪಿಕಪ್ ಎರಡೂ ಹಿಂದೆಮುಂದೆ ಆಗುತ್ತೆ. ಆಟೋಮ್ಯಾಟಿಕ್ ಗಾಡಿ ಆದರೆ ಗೇರ್ ಬದಲಾಗುವಾಗ ಜಗ್ಗಿದ ಹಾಗೂ ಅನ್ನಿಸಬಹುದು.

ಇಂಜಿನ್‌ಗೆ ಗಾಳಿ ಬಿಡೋ ಬಾಗಿಲು ಥ್ರಾಟಲ್ ಬಾಡಿ, ಅದರ ಕಥೆಯೂ ಇದೇ. ಒಳಗೆ ಕಾರ್ಬನ್ ಕಟ್ಟಿದಷ್ಟೂ ಐಡ್ಲಿಂಗಿಗೆ (ಗಾಡಿ ನಿಂತು ಇಂಜಿನ್ ಮಾತ್ರ ನಡೆಯೋದು) ಬೇಕಾದ ಗಾಳಿಗೋಸ್ಕರ ಇಸಿಎಂ ಆ ಬಾಗಿಲನ್ನ ಕೂದಲೆಳೆಯಷ್ಟು ಹೆಚ್ಚು ತೆರೆಯೋದು ಕಲಿತಿರುತ್ತೆ. ಅದನ್ನ ಮರೆಸಿಬಿಟ್ರೆ ಸಿಗ್ನಲ್ಲಲ್ಲಿ ಎಸಿ ಹಾಕಿದ ಕೂಡಲೇ ಗಾಡಿ ಆಫ್. "ನಿನ್ನೆವರೆಗೂ ಚೆನ್ನಾಗಿತ್ತು, ಬ್ಯಾಟರಿ ಬದಲಾಯಿಸಿದ ಮೇಲೆ ಹಿಂಗಾಯ್ತು" ಅಂತ ಬ್ಯಾಟರಿ ಅಂಗಡಿಯವನಿಗೆ ಬೈತಾರೆ ಪಾಪ. ಥ್ರಾಟಲ್ ತೊಳೆದಾಗ ಮಾತ್ರ ಇದೇ ಮರೆವು ಬೇಕಾಗಿದ್ದು. ಮರೆಸದಿದ್ದರೆ ಐಡ್ಲಿಂಗ್ ಏರಿ ಕೂತ್ಕೊಳ್ಳುತ್ತೆ. ಅದನ್ನ ನಾವು ಇಸಿಎಂ ಜೊತೆ ಮಾತಾಡೋ ಸ್ಕ್ಯಾನರಲ್ಲೇ ಮಾಡ್ತೀವಿ.

ನನಗೆ ನಿಜವಾಗಿ ಹೊಟ್ಟೆ ಉರಿಯೋದು ಹೀಗೆ ಬ್ಯಾಟರಿ ಬಿಚ್ಚಿ ಫ್ರೀಝ್ ಫ್ರೇಮ್ ಅಳಿದು ಹೋದಾಗ. ಲೈಟ್ ಹತ್ತೋ ಆ ಕ್ಷಣದಲ್ಲಿ ಇಂಜಿನ್ ಎಷ್ಟು ಬಿಸಿ ಇತ್ತು, ಆರ್‌ಪಿಎಂ ಎಷ್ಟು, ಸ್ಪೀಡ್ ಎಷ್ಟು, ಇಂಜಿನ್ ಮೇಲಿನ ಲೋಡ್ ಎಷ್ಟು, ಎಲ್ಲವನ್ನೂ ಇಸಿಎಂ ಹಿಡಿದಿಟ್ಟಿರುತ್ತೆ. ಅದೊಂದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಈಚೆಗೆ ಒಬ್ಬರು ಮೇಷ್ಟ್ರು ಉಡುಪಿಯಿಂದ ಬರ್ತಾ ಆಗುಂಬೆ ಘಾಟಿಯಲ್ಲಿ ಗಾಡಿ ಎಳೀಲಿಲ್ಲ, ಲೈಟೂ ಬಂತು. ಮನೆ ಮುಟ್ಟಿ ಬ್ಯಾಟರಿ ಬಿಚ್ಚಿ, ಹಾಕಿ, ನನ್ನ ಹತ್ರ ತಂದ್ರು. ಸ್ಕ್ಯಾನರ್ ಹಾಕಿದ್ರೆ ತೊಂದರೆ ಏನಂತ ಹೇಳೋ ಒಂದು ಕೋಡೂ ಇಲ್ಲ. ಗ್ಯಾರೇಜಲ್ಲಿ ನಿಲ್ಲಿಸಿ ರೇಸ್ ಕೊಟ್ಟರೆ ಇಂಜಿನ್ ಗಡಿಯಾರದ ಹಾಗೆ ನಡೀತಿದೆ.

ಕೊನೆಗೆ ಪೆಟ್ರೋಲ್ ಲೈನಿಗೆ ಪ್ರೆಶರ್ ಗೇಜ್ ಕಟ್ಟಿ, ಅದರ ಪೈಪನ್ನ ಬಾನೆಟ್ ಸಂದಿಯಿಂದ ಹೊರಗೆ ತಂದು, ಮುಂದಿನ ಗಾಜಿಗೆ ಟೇಪಲ್ಲಿ ಅಂಟಿಸಿಕೊಂಡು ಸೋಮೇಶ್ವರದಿಂದ ಘಾಟಿ ಹತ್ತಿಸಿದೆ. ಮೊದಲ ತಿರುವುಗಳಲ್ಲಿ ಮುಳ್ಳು ಅಲ್ಲಾಡಲಿಲ್ಲ. ಮೇಲೆ ಹೋದ ಹಾಗೆ, ಎರಡನೇ ಗೇರಲ್ಲಿ ಮುಂದೆ ಬಸ್ಸು ಬೇರೆ, ಮುಳ್ಳು ನಿಧಾನಕ್ಕೆ ಕೆಳಗೆ ಜಾರೋಕೆ ಶುರು. ಟ್ಯಾಂಕಿನೊಳಗಿನ ಫಿಲ್ಟರ್ ಕಟ್ಟಿತ್ತು. ನೆಲದ ಮೇಲೆ ಬೇಕಾಗೋ ಪೆಟ್ರೋಲ್ ಅದು ಬಿಡುತ್ತೆ, ಘಾಟಿಗೆ ಸಾಲಲ್ಲ. ಆ ಫ್ರೀಝ್ ಫ್ರೇಮ್ ಉಳಿದಿದ್ರೆ ಲೋಡ್ ಮತ್ತು ಟ್ರಿಮ್ ನೋಡಿ ಕೂತಲ್ಲೇ ಫಿಲ್ಟರ್ ಕಡೆ ಬೆರಳು ತೋರಿಸ್ತಿದ್ದೆ. ಮೇಷ್ಟ್ರಿಗೆ ನನ್ನ ಒಂದು ದಿನದ ಮಜೂರಿ ಉಳೀತಿತ್ತು. ಸ್ಕ್ಯಾನರಲ್ಲಿ ಕೋಡ್ ಕ್ಲಿಯರ್ ಮಾಡಿದ್ರೂ ಇದು ಅಳಿದು ಹೋಗುತ್ತೆ, ಅದಕ್ಕೇ ಮೊದಲು ಫೋಟೋ ತೆಗೀರಿ ಅಂತ ನಮ್ಮ ಹುಡುಗರಿಗೆ ಹೇಳಿಟ್ಟಿದ್ದೀನಿ.

ಕ್ಯಾಲಿಫೋರ್ನಿಯಾದಲ್ಲಿರೋ ನನ್ನ ಭಾವನ ಊರಲ್ಲಾದರೆ ಈ ಆಟ ನಡೆಯಲ್ಲ. ಅಲ್ಲಿ 2000ದಿಂದ ಈಚಿನ ಪೆಟ್ರೋಲ್ ಗಾಡಿಯ ಹೊಗೆ ಪರೀಕ್ಷೆ ಅಂದ್ರೆ ಇಸಿಎಂಗೆ ವೈರ್ ಚುಚ್ಚಿ ಓದೋದು. ಬ್ಯಾಟರಿ ಬಿಚ್ಚಿದರೆ ಇಸಿಎಂ ತಾನೇ ಮಾಡ್ಕೊಳ್ಳೋ ಸ್ವಯಂ ಪರೀಕ್ಷೆಗಳೂ ಮೊದಲಿಂದ ಶುರು, ಅವು ಮುಗಿದಿಲ್ಲ ಅಂತ ತೋರಿಸಿದ್ರೆ ಓಡಿಸ್ಕೊಂಡು ಬನ್ನಿ ಅಂತ ವಾಪಸ್ ಕಳಿಸ್ತಾರೆ. ನಮ್ಮಲ್ಲಿ ಪೈಪಿಗೆ ಕಡ್ಡಿ ತೂರಿಸಿದ್ರೆ ಮುಗೀತು.

ಇಂಜಿನ್ ನಡೀತಿರುವಾಗ ಬ್ಯಾಟರಿ ವೈರ್ ಎಳೆದು, ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಪರೀಕ್ಷೆ ಮಾಡೋ ಹಳೇ ಚಾಳಿ ಇನ್ನೂ ಕೆಲವರಲ್ಲಿದೆ. ಅಂಬಾಸಿಡರ್ ಕಾಲದಲ್ಲಿ ನಡೀತು. ಈಗಿನ ಗಾಡಿಯಲ್ಲಿ ಆ ಕ್ಷಣಕ್ಕೆ ವೋಲ್ಟೇಜ್ ಹತ್ತಾರು ಪಟ್ಟಲ್ಲದಿದ್ದರೂ ನಾಲ್ಕೈದು ಪಟ್ಟು ಜಿಗಿಯಬಹುದು, ಇಸಿಎಂ ಸುಟ್ಟರೆ ಅದರ ಬೆಲೆ ಕೇಳಿ ಆಮೇಲೆ ಮಾತಾಡಿ.

ಆರು ತಿಂಗಳು ಮಕ್ಕಳ ಹತ್ರ ಅಮೆರಿಕಕ್ಕೆ ಹೋಗೋ ಹಿರಿಯರು ಬಿಚ್ಚಿಟ್ಟೇ ಹೋಗಿ, ಅದು ಸರಿ. ಕೀ ಆಫ್ ಮಾಡಿ ಐದು ನಿಮಿಷ ಬಿಟ್ಟು ಮೈನಸ್ ವೈರ್ ಒಂದನ್ನೇ ಬಿಚ್ಚಿದರೆ ಸಾಕು. ವಾಪಸ್ ಬಂದು ಹಾಕಿದ ಮೇಲೆ ಎಸಿ ಹಾಕದೆ ಇಂಜಿನ್ ಬಿಸಿಯಾಗೋವರೆಗೂ ಐಡ್ಲಿಂಗಲ್ಲಿ ಬಿಡಿ, ಆಮೇಲೆ ಎಸಿ ಹಾಕಿ ಇನ್ನೊಂದಷ್ಟು ಹೊತ್ತು. ಒಂದೊಂದು ಕಂಪನಿದು ಒಂದೊಂದು ಕ್ರಮ, ಗಾಡಿ ಜೊತೆ ಕೊಟ್ಟ ಪುಸ್ತಕ ನೋಡಿ. ಗಾಜು ಒಂದೇ ಸಲಕ್ಕೆ ಪೂರ್ತಿ ಏರದಿದ್ರೆ ಪೂರ್ತಿ ಇಳಿಸಿ, ಪೂರ್ತಿ ಏರಿಸಿ, ಸ್ವಿಚ್ಚನ್ನ ಸ್ವಲ್ಪ ಹೊತ್ತು ಹಾಗೇ ಹಿಡ್ಕೊಳ್ಳಿ. ಇನ್ನೊಂದು ಮಾತು, ಬಿಚ್ಚೋ ಮುಂಚೆ ರಿಮೋಟ್ ಒಳಗಿರೋ ಕಬ್ಬಿಣದ ಕೀ ಡ್ರೈವರ್ ಬಾಗಿಲಲ್ಲಿ ತಿರುಗುತ್ತಾ ನೋಡ್ಕೊಳ್ಳಿ. ಬ್ಯಾಟರಿ ಇಲ್ಲದೆ ರಿಮೋಟ್ ನಡೆಯಲ್ಲ, ಬಾನೆಟ್ ತೆಗೆಯೋ ಹಿಡಿ ಇರೋದು ಗಾಡಿ ಒಳಗೆ.