ಊರುಗೋಲಿನ ಅಳತೆ

ಹೊಸ ಊರುಗೋಲಿಗೆ ಅಗಸೆ ಎಣ್ಣೆ ಹಚ್ಚುತ್ತಿದ್ದೇನೆ. ತೆಳುವಾಗಿ ಹಚ್ಚಿ, ಒರೆಸಿ, ಒಣಗಿದ ಮೇಲೆ ಮತ್ತೆ ಹಚ್ಚಬೇಕು. (ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ತಾನಾಗಿಯೇ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಬಿಡಿಸಿ ಒಣಗಿಸಿ.)

ಈ ಕೆಲಸದಲ್ಲಿ ಕೆತ್ತುವುದಕ್ಕಿಂತ ಕಾಯುವುದೇ ಜಾಸ್ತಿ. ಹಸಿ ಮರ ಒಣಗಲು 1 ಇಂಚು ದಪ್ಪಕ್ಕೆ ಸುಮಾರು 1 ವರ್ಷ ಅಂತ ಲೆಕ್ಕ. ತೇವ ತುದಿಗಳಿಂದಲೇ ಬೇಗ ಹೋಗುತ್ತದೆ, ಬಿರುಕು ಬಿಡುವುದೂ ಅಲ್ಲೇ. ಅದಕ್ಕೇ ಎರಡೂ ತುದಿಗೆ ಮೇಣ ಬಳಿದಿಡಬೇಕು. ಸ್ವಲ್ಪ ಡೊಂಕಿದ್ದರೆ ಆವಿಯಲ್ಲಿ ಬಿಸಿ ಮಾಡಿ ನೆಟ್ಟಗೆ ಮಾಡಬಹುದು. ಆದರೆ ಮರದ ಎಳೆ ಓರೆಯಾಗಿದ್ದರೆ ಆ ಕೋಲು ಬೇಡವೇ ಬೇಡ, ಭಾರ ಬಿದ್ದಾಗ ಮುರಿಯುತ್ತದೆ.

ನನಗೆ ತುಂಬಾ ಇಷ್ಟ ಅಳತೆ ತೆಗೆಯುವ ಹೊತ್ತು. ದಿನಾ ಹಾಕುವ ಚಪ್ಪಲಿ ಹಾಕಿಕೊಂಡೇ ನೆಟ್ಟಗೆ ನಿಲ್ಲಬೇಕು, ಕೈ ಸುಮ್ನೆ ಇಳಿಬಿಡಬೇಕು. ನೆಲದಿಂದ ಮಣಿಕಟ್ಟಿನ ಗೆರೆವರೆಗೆ ಎಷ್ಟೋ ಅಷ್ಟೇ ಎತ್ತರ. ಕೆಳಗೆ ಹಾಕುವ ರಬ್ಬರಿನ ದಪ್ಪವೂ ಅದರಲ್ಲೇ ಸೇರಬೇಕು. ಉದ್ದ ಜಾಸ್ತಿಯಾದರೆ ಭುಜ ಮೇಲೇಳುತ್ತದೆ, ಕಡಿಮೆಯಾದರೆ ಬೆನ್ನು ಬಾಗುತ್ತದೆ.

ಕೋಲು ಬೇಕು ಅಂತ ಹೇಳೋಕೆ ಎಷ್ಟೋ ಜನರಿಗೆ ಸಂಕೋಚ ಅಲ್ವಾ? ತನ್ನದೇ ಅಳತೆಯ ಚೆಂದದ ಕೋಲು ಕೈಗೆ ಬಂದರೆ ಆ ಸಂಕೋಚ ಸ್ವಲ್ಪವಾದರೂ ಕರಗುತ್ತದೆ ಅನ್ನಿಸುತ್ತದೆ. ಅದಕ್ಕೇ ಹಿಡಿಯ ಮೇಲೆ ನನ್ನ ಗಮನವೆಲ್ಲ. ಕೆತ್ತುವ ಮುಂಚೆ ಯಾವ ಕಾಲು ನೋವು ಅಂತ ಕೇಳುತ್ತೇನೆ. ಬಹಳ ಜನ ನೋಯುವ ಕಾಲಿನ ಕಡೆಗೇ ಕೋಲು ಹಿಡಿಯುತ್ತಾರೆ. ಹಿಡಿಯಬೇಕಾದ್ದು ಇನ್ನೊಂದು ಕೈಯಲ್ಲಿ.